ಗುಡ್ಡದ ಮೇಲಿನ ಶಾಲೆ ಮತ್ತು ಕನ್ನಡ ಪಂಡಿತರು

ಮಂಗಳೂರಿನ ಮಿಷನರಿಗಳ ಕನ್ನಡ ಸೇವೆ ಎಂದೊಡನೆ ಬಾಸೆಲ್ ಮಿಷನ್ನಿನ ಹೆಸರೂ ಕಿಟೆಲರ 1894ರ ನಿಘಂಟೂ ನೆನಪಿಗೆ ಬರುತ್ತವೆ. ಅದೇ ಊರಿನಲ್ಲಿ ಇಟಲಿಯ ಕ್ಯಾಥೊಲಿಕ್ ಪಾದ್ರಿಗಳು, ಯೇಸುಸಭೆಯವರು, 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಗೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅಂತಹ ಸ್ಥಾನ ದೊರೆತಿಲ್ಲ. ಅದರ ಚರಿತ್ರೆಯೆಂದರೆ ಸ್ಥಾಪಕರ ನಾಮಾವಳಿ, ಲೈಟ್‌ಹೌಸ್ ಗುಡ್ಡದ ಭವ್ಯ ಕಟ್ಟಡ, ಆಂತೋನಿಯೊ ಮೊಸ್ಕೇನಿ ರಚಿಸಿದ ಪ್ರಾರ್ಥನಾಮಂದಿರದ ಭಿತ್ತಿಚಿತ್ರಗಳು. ಬರೆಹ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಆದರೆ ಆ ಸಂಸ್ಥೆಯಲ್ಲಿ ಕನ್ನಡ ಪಂಡಿತರಾಗಿದ್ದವರು ಯಾರು? ಮುಳಿಯ ತಿಮ್ಮಪ್ಪಯ್ಯನವರು ಮತ್ತು ಸೇಡಿಯಾಪು ಕೃಷ್ಣಭಟ್ಟರು. ಮೊದಲಿನವರು ‘ನಾಡೋಜ ಪಂಪ’ವನ್ನೂ ‘ಕವಿರಾಜಮಾರ್ಗ ವಿವೇಕ’ವನ್ನೂ ಬರೆದವರು, ಎರಡನೆಯವರು ಕನ್ನಡ ಛಂದಸ್ಸಿನ ಗತಿಯನ್ನು ಮೂಲಭೂತವಾಗಿ ವಿವೇಚಿಸಿದವರು. ವೈದಿಕ ಮನೆತನದ ವಿದ್ವಾಂಸರು ಕ್ರೈಸ್ತ ಸಂಸ್ಥೆಯೊಂದರಲ್ಲಿ ಪಾಠ ಹೇಳುತ್ತ ಜೈನಕವಿಯೊಬ್ಬನ ಅಧ್ಯಯನಕ್ಕೆ ತಮ್ಮನ್ನು ತೆತ್ತುಕೊಂಡದ್ದು ಸಣ್ಣ ಸಂಗತಿಯಲ್ಲ.

ಈ ಸಂಶೋಧನೆ ಮಿಷನರಿಗಳ ಯೋಜನೆಯಾಗಿತ್ತೆಂದು ಹೇಳಬೇಕಾಗಿಲ್ಲ. ಅವರ ಶಾಲೆಯ ಮುಖ್ಯ ಗುರಿ ಇಂಗ್ಲಿಷ್ ಶಿಕ್ಷಣವೇ. ಆದರೂ ಪಂಡಿತನಿಗೆ ಒಂದು ಪೀಠ, ಒಂದು ಸಂಬಳ, ವರ್ಷವರ್ಷವೂ ಹೊಸ ವಿದ್ಯಾರ್ಥಿಗಳು ದೊರೆತದ್ದು ಅಲ್ಲಿ. ರಾಜಾಸ್ಥಾನಗಳು ಅಳಿದ ಕಾಲದಲ್ಲಿ ಆಶ್ರಯದ ಅರ್ಥವೇ ಬದಲಾಗಿತ್ತು. ಅರಿಕೇಸರಿಯ ಆಶ್ರಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸಾಹಿತ್ಯಚರಿತ್ರೆ ಶಾಲೆಯ ಆಶ್ರಯವನ್ನು ಕಡೆಗಣಿಸುವುದು ಯುಕ್ತವಲ್ಲ.

ಇಂತಹ ಶಾಲೆಗಳ ಚರಿತ್ರೆ ಬರೆಯುವವರು ಸ್ಥಾಪಕರ ಚಿತ್ರಪಟಗಳಷ್ಟೇ ಶ್ರದ್ಧೆಯಿಂದ ಹಳೆಯ ಹಾಜರಿ ಪುಸ್ತಕ, ಪ್ರಶ್ನಪತ್ರಿಕೆ, ವಾರ್ಷಿಕ ಸಂಚಿಕೆಗಳನ್ನೂ ನೋಡಬೇಕು. ಅವು ಗೆದ್ದಲಿಗೆ ಆಹಾರವಾದರೆ ಆಧುನಿಕ ಕನ್ನಡ ವಿದ್ವತ್ತಿನ ಒಂದು ಅಧ್ಯಾಯವೂ ಅವುಗಳೊಂದಿಗೇ ಅಳಿಯುತ್ತದೆ.