ಕಾಣಲಿಲ್ಲ ಎಂಬ ಸಾಕ್ಷ್ಯ

2017ರ ಜುಲೈ 17. ನಡುರಾತ್ರಿ ಕಳೆದಿತ್ತು. ದಕ್ಷಿಣ ಅರ್ಜೆಂಟೀನಾದ ಕೊಮೊಡೊರೊ ರಿವಡಾವಿಯಾ ನಗರದ ಆಸುಪಾಸಿನಲ್ಲಿ ಬೀದಿದೀಪಗಳನ್ನು ಆರಿಸಲಾಗಿತ್ತು. ವಾಹನಗಳ ಬೆಳಕು ಬೀಳದಂತೆ ಹೆದ್ದಾರಿಯನ್ನು ಎರಡು ಗಂಟೆ ಮುಚ್ಚಲಾಗಿತ್ತು. ಕೊರೆಯುವ ಗಾಳಿಗೆ ದೂರದರ್ಶಕಗಳು ಅಲುಗಾಡದಿರಲೆಂದು ಲಾರಿಗಳನ್ನು ಅಡ್ಡವಾಗಿ ನಿಲ್ಲಿಸಿದ್ದರು. ಇಷ್ಟೆಲ್ಲ ಸಿದ್ಧತೆ ನಡೆದದ್ದು, ಒಂದು ಮಂಕು ನಕ್ಷತ್ರವು ಒಂದೆರಡು ಸೆಕೆಂಡಿಗೂ ಮೀರದ ಅವಧಿಗೆ ಮರೆಯಾಗುವುದನ್ನು ನೋಡುವುದಕ್ಕಾಗಿ!

ಆ ನಕ್ಷತ್ರದ ಮುಂದೆ ಹಾದು ಹೋಗಲಿದ್ದುದು ಇಂದು ಅರೋಕೋತ್ ಎಂದು ಕರೆಯಲ್ಪಡುವ ಕಾಯ. ಸೂರ್ಯನಿಂದ ಸುಮಾರು 650 ಕೋಟಿ ಕಿಲೋಮೀಟರ್ ದೂರದಲ್ಲಿರುವ ಅದನ್ನು ಹಬಲ್ ದೂರದರ್ಶಕವು 2014ರಲ್ಲಿ ಪತ್ತೆ ಹಚ್ಚಿತ್ತು. ಹಬಲ್‌ನ ಕಣ್ಣಿಗೂ ಅದು ಬರೀ ಚುಕ್ಕೆ. ಆದರೆ ಅದು ನಕ್ಷತ್ರವೊಂದನ್ನು ಮರೆಮಾಡಿದಾಗ ಅದರ ನೆರಳು ಭೂಮಿಯ ಮೇಲೆ ಓಡುತ್ತದೆ, ಮತ್ತು ನೆರಳಿನ ಅಗಲವು ಆ ಕಾಯದ ಅಗಲದಷ್ಟೇ ಇರುತ್ತದೆ. ಹಾದಿಗೆ ಅಡ್ಡವಾಗಿ ಸಾಲುಗಟ್ಟಿ ನಿಂತವರು, ತಮ್ಮ ತಮ್ಮ ಸ್ಥಳದಲ್ಲಿ ನಕ್ಷತ್ರ ಎಷ್ಟು ಹೊತ್ತು ಮರೆಯಾಯಿತೆಂದು ಬರೆದಿಟ್ಟರೆ, ಆ ಗೆರೆಗಳನ್ನು ಜೋಡಿಸಿ ಕಾಣದ ಕಾಯದ ಆಕಾರವನ್ನೇ ಬಿಡಿಸಬಹುದು.

ಅಂದು ನಿಂತಿದ್ದ 24 ದೂರದರ್ಶಕಗಳ ಪೈಕಿ ಐದರಲ್ಲಿ ಮಾತ್ರ ನಕ್ಷತ್ರ ಮರೆಯಾಯಿತು. ಪತ್ರಿಕೆಗಳು ಆ ಐದನ್ನು ಕೊಂಡಾಡಿದವು. ನನಗೆ ಮುಖ್ಯವೆನಿಸುವುದು ಉಳಿದ ಹತ್ತೊಂಬತ್ತು. ನೆರಳು ಎಲ್ಲಿ ಮುಗಿಯಿತು ಎಂಬುದನ್ನು ಹೇಳಬಲ್ಲವರು ನೆರಳಿನ ಹೊರಗೆ ನಿಂತವರೇ ಹೊರತು ಬೇರಾರೂ ಅಲ್ಲ. ಆರು ವಾರಗಳ ಹಿಂದೆ, ಜೂನ್ 3ರಂದು, ಅರ್ಜೆಂಟೀನಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಕಾದು ಕುಳಿತ ಒಬ್ಬರಿಗೂ ಏನೂ ಕಂಡಿರಲಿಲ್ಲ. ಅವರಲ್ಲಿ ಯಾರಾದರೂ ಸಂಕೋಚಕ್ಕೋ ಹೆಸರಿನ ಆಸೆಗೋ ‘ಕೊಂಚ ಮಿನುಗಿದಂತಾಯಿತು’ ಎಂದಿದ್ದರೆ ಇಡೀ ಲೆಕ್ಕಾಚಾರವೇ ದಾರಿ ತಪ್ಪುತ್ತಿತ್ತು.

ಪರಸ್ಪರರ ನೋಟವನ್ನು ನಂಬಿ ಅಳೆಯುವ ಈ ಕ್ರಮ ನಮಗೆ ಪರಕೀಯವೇನಲ್ಲ. 997ರಲ್ಲಿ ಖ್ವಾರಿಝ್ಮ್‌ನ ಕಾಸ್ ಪಟ್ಟಣದಿಂದ ಅಲ್ ಬೀರೂನಿಯೂ ಬಗ್ದಾದ್‌ನಿಂದ ಅಬುಲ್ ವಫಾರೂ ಒಂದೇ ಚಂದ್ರಗ್ರಹಣವನ್ನು ನೋಡಿ, ಸಮಯದ ವ್ಯತ್ಯಾಸದಿಂದ ಎರಡು ಊರುಗಳ ರೇಖಾಂಶದ ಅಂತರವನ್ನು ಕಂಡುಕೊಂಡರು. ಒಬ್ಬರ ಮಾತಿನ ಪ್ರಾಮಾಣಿಕತೆಯ ಮೇಲೆ ಇನ್ನೊಬ್ಬರ ಲೆಕ್ಕ ನಿಂತಿತ್ತು. ಆದರೆ ಈ ಹೆಸರುಗಳನ್ನು ವೇದಿಕೆಯ ಭಾಷಣಗಳಲ್ಲಿ ಉದ್ಧರಿಸಿ ಹೆಮ್ಮೆಪಡುವುದರಲ್ಲಿಯೇ ನಾವು ತೃಪ್ತರಾಗಿಬಿಟ್ಟಿದ್ದೇವೆ. ಮುಸ್ಲಿಮ್ ಬಹುಸಂಖ್ಯಾತ ದೇಶವಾದ ಸೆನೆಗಲ್ ಹಾಗೆ ಮಾಡಲಿಲ್ಲ. 2018ರ ಆಗಸ್ಟ್ 4ರಂದು ಅರೋಕೋತ್‌ನ ನೆರಳು ಆ ನೆಲದ ಮೇಲೆ ಹಾಯುವುದಿತ್ತು. ಮಳೆಗಾಲದ ಮೋಡಗಳ ಆತಂಕದ ನಡುವೆಯೂ ಅಮೆರಿಕ ಮತ್ತು ಫ್ರಾನ್ಸ್‌ಗಳ ತಜ್ಞರ ಜೊತೆ ಸೆನೆಗಲ್‌ನ ಖಗೋಳಜ್ಞರೂ ದೂರದರ್ಶಕಗಳ ಬಳಿ ನಿಂತರು. ಅವರಲ್ಲಿ ಪ್ರಮುಖರಾದ ಮರಮ್ ಕೈರೆಯವರ ಹೆಸರನ್ನು 2021ರಲ್ಲಿ ಒಂದು ಕ್ಷುದ್ರಗ್ರಹಕ್ಕೆ ಇಡಲಾಯಿತು. 2019ರ ಜನವರಿ 1ರಂದು ನ್ಯೂ ಹೊರೈಝನ್ಸ್ ನೌಕೆ ಅರೋಕೋತ್‌ನ ಬಳಿ ಸಾಗಿದಾಗ ಕಂಡದ್ದು, ನೆರಳುಗಳು ಮೊದಲೇ ಸೂಚಿಸಿದ್ದಂತೆ, ಒಂದಕ್ಕೊಂದು ಅಂಟಿಕೊಂಡ ಎರಡು ಉಂಡೆಗಳನ್ನು.

ಇನ್ನು ನಮ್ಮ ಚಂದ್ರದರ್ಶನದ ವಿಚಾರ. ಶಅಬಾನ್ ತಿಂಗಳ 29ರ ಸಂಜೆ ‘ಕಂಡಿತು’ ಎಂದವನ ಸುತ್ತ ಜನ ಸೇರುತ್ತಾರೆ. ‘ನೋಡಿದೆ, ಕಾಣಲಿಲ್ಲ’ ಎಂದವನ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ಕಾಣದಿದ್ದರೆ ಮೂವತ್ತು ಪೂರ್ತಿಗೊಳಿಸಿರೆಂದು ಪ್ರವಾದಿಯವರು(ಸ) ಕಲಿಸಿರುವಾಗ, ಕಾಣಲಿಲ್ಲವೆಂಬ ಹೇಳಿಕೆಯೂ ಒಂದು ಸಾಕ್ಷ್ಯವೇ ಅಲ್ಲವೇ? ಪ್ರತಿಯೊಂದು ಜಮಾಅತ್‌ನಲ್ಲಿ ಎಷ್ಟು ಮಂದಿ ನೋಡಿದರು, ಎಲ್ಲಿಂದ ನೋಡಿದರು, ಎಷ್ಟು ಗಂಟೆಗೆ ನೋಡಿದರು, ಪಶ್ಚಿಮದಲ್ಲಿ ಮೋಡವಿತ್ತೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹೆಚ್ಚಿನ ಖರ್ಚೇನೂ ಬೇಕಿಲ್ಲ. ಮದ್ರಸದ ಹಿರಿಯ ತರಗತಿಯ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಬಹುದು. ಬರುವ ರಮಝಾನ್‌ಗೆ ಮುನ್ನ ಒಂದು ಊರಾದರೂ ಇದನ್ನು ಆರಂಭಿಸಲಿ.