ಕೊಟ್ಟೋನು ಕೋಡಂಗಿ, ನುಂಗಿದ್ದು ಯಂತ್ರ!

ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಕಾಲೇಜು. ಜನ ಕಾಯುವ ಕಡೆಯೆಲ್ಲ ಈಗ ಗಾಜಿನ ಬಾಗಿಲಿನ ತಿಂಡಿ ಯಂತ್ರಗಳು ಬಂದು ನಿಲ್ಲುತ್ತಿವೆ. ದುಡ್ಡು ಹಾಕು, ನಂಬರು ಒತ್ತು, ಚಿಪ್ಸೋ ಬಿಸ್ಕತ್ತೋ ಎತ್ಕೊ. ಹೇಳುವುದಕ್ಕೆ ಇಷ್ಟೇ. ಆದರೆ ದುಡ್ಡು ಒಳಗೆ ಹೋಯಿತು, ಸುರುಳಿ ತಿರುಗಿತು, ಪೊಟ್ಟಣ ಮಾತ್ರ ಗಾಜಿಗೆ ಒರಗಿ ನಿಂತಿತು ಅಂದರೆ ಯಾರನ್ನು ಕೇಳಬೇಕು? ಅಲ್ಲಿ ಯಜಮಾನನಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿರುತ್ತಾನೆ. ಇಪ್ಪತ್ತು ರೂಪಾಯಿಗೋಸ್ಕರ ಯಾರೂ ಬಸ್ಸು ಬಿಡುವುದಿಲ್ಲ. ಯಂತ್ರದ ಲೋಪಗಳು ತಿಂಗಳುಗಟ್ಟಲೆ ಹಾಗೇ ಉಳಿಯುವುದು ಪ್ರಯಾಣಿಕನ ಈ ಅವಸರದಿಂದಲೇ.

ಯಂತ್ರ ಇಟ್ಟುಕೊಂಡ ಅಂಗಡಿಯವರನ್ನು ಕೇಳಿದರೆ ಬರುವ ಉತ್ತರ ಒಂದೇ: ‘ಅದು ಕಂಪನಿಯವರದ್ದು ಸ್ವಾಮಿ, ನಮಗೇನೂ ಗೊತ್ತಾಗಲ್ಲ.’ ಗೊತ್ತಾಗದೇ ಇರುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಇಂಜಿನಿಯರು ಬರಬೇಕಾದ ಕೆಲಸ ಕಡಿಮೆ; ಬೆಳಿಗ್ಗೆ ಬಾಗಿಲು ತೆಗೆದು ಮಾಲು ತುಂಬುವ ಹುಡುಗನೇ ಸರಿಪಡಿಸಬಹುದಾದದ್ದು ಬಹಳ.

ಸುರುಳಿಯ ಎರಡು ಸುತ್ತಿನ ನಡುವಿನ ಸಂದಿಗೆ ಒಂದು ಪೊಟ್ಟಣ. ಗಿರಾಕಿ ನಂಬರು ಒತ್ತಿದರೆ ಮೋಟಾರು ಸುರುಳಿಯನ್ನು ಒಂದು ಸುತ್ತು ತಿರುಗಿಸಿ ಮುಂದಿನದನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ತುಂಬಿ ಉಬ್ಬಿದ ಚಿಪ್ಸನ್ನು ಕಿರಿದಾದ ಸಂದಿಗೆ ತುರುಕಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ತೆಳ್ಳನೆ ಬಿಸ್ಕತ್ತನ್ನು ಅಗಲವಾದ ಸಂದಿಗೆ ಇಟ್ಟರೆ ವಾಲಿಕೊಳ್ಳುತ್ತದೆ. ನಡುವೆ ಒಂದು ಸಂದಿ ಖಾಲಿ ಬಿಟ್ಟರಂತೂ ಆ ಸರದಿಯ ಗಿರಾಕಿಗೆ ಮೋಟಾರಿನ ಸದ್ದಷ್ಟೇ ಪ್ರಸಾದ! ಮಾಲಿನ ದಪ್ಪಕ್ಕೆ ತಕ್ಕ ಸುರುಳಿ ಹಾಕಬೇಕು. ಅಷ್ಟಾದರೂ ಕೊನೆಯಲ್ಲಿ ಸಿಕ್ಕಿಕೊಂಡರೆ, ಸುರುಳಿಯನ್ನು ಕಳಚಿ ಕೊಂಚ ತಿರುಗಿಸಿ ಮತ್ತೆ ಕೂರಿಸಬೇಕು. ಅದರ ತುದಿ ನಿಲ್ಲುವ ಜಾಗ ಬದಲಾದರೆ ಪೊಟ್ಟಣ ಬೀಳುವ ಸಮಯವೂ ಬದಲಾಗುತ್ತದೆ.

ಅನೇಕ ಯಂತ್ರಗಳಲ್ಲಿ ಪೊಟ್ಟಣ ಬೀಳುವ ಜಾಗಕ್ಕೆ ಒಂದು ಕಣ್ಣಿರುತ್ತದೆ. ಕಾಣದ ಬೆಳಕಿನ ಗೆರೆಗಳನ್ನು ದಾಟಿ ಮಾಲು ಬಿತ್ತೋ ಇಲ್ಲವೋ ಎಂದು ಅದು ನೋಡುತ್ತದೆ. ಬೀಳದಿದ್ದರೆ ಸುರುಳಿಯನ್ನು ಇನ್ನಷ್ಟು ತಿರುಗಿಸುತ್ತದೆ. ಆಗಲೂ ಬೀಳದಿದ್ದರೆ ದುಡ್ಡು ವಾಪಸು ಕೊಡುತ್ತದೆ, ಇಲ್ಲವೇ ಬೇರೆ ತಿಂಡಿ ಆರಿಸಿಕೋ ಎನ್ನುತ್ತದೆ. ಈ ಕಣ್ಣಿಗೆ ಧೂಳು ಕೂತರೆ ಯಂತ್ರ ಪದೇ ಪದೇ ದೋಷ ತೋರಿಸುತ್ತದೆ. ಆಗ ಬೇಕಾದದ್ದು ಒಂದು ಮೆತ್ತನೆಯ ಬಟ್ಟೆ. ಅದನ್ನು ಬಿಟ್ಟು ‘ತಲೆನೋವು ಯಾಕೆ’ ಅಂತ ಸೆಟ್ಟಿಂಗಿನಲ್ಲಿ ಕಣ್ಣನ್ನೇ ಮುಚ್ಚಿಬಿಟ್ಟರೆ? ತಕ್ಕಡಿಯಲ್ಲಿ ಮೋಸ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವೇನು?

ಬೆಲೆಯದ್ದೂ ಇದೇ ಕಥೆ. ಪ್ರತಿ ನಂಬರಿಗೂ ಬೆಲೆಯನ್ನು ಬೇರೆ ಬೇರೆಯಾಗಿ ತುಂಬಿರುತ್ತಾರೆ. ಇಪ್ಪತ್ತರ ಮಾಲಿದ್ದ ಜಾಗಕ್ಕೆ ಹತ್ತರ ಮಾಲು ತುಂಬಿ ಬೆಲೆ ಬದಲಿಸುವುದನ್ನು ಮರೆತರೆ ಯಂತ್ರ ಇಪ್ಪತ್ತನ್ನೇ ವಸೂಲು ಮಾಡುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ ಎಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಮಾರಿದ್ದು ಮನುಷ್ಯನಲ್ಲ, ಯಂತ್ರ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಇನ್ನು ನಾಣ್ಯದ ಪಾಡು. 2020ರಲ್ಲಿ ಬಂದ ಹನ್ನೆರಡು ಅಂಚಿನ 20 ರೂಪಾಯಿ ನಾಣ್ಯವನ್ನು ಹಳೆಯ ಯಂತ್ರ ಉಗುಳಿದರೆ ನಾಣ್ಯ ಖೋಟಾ ಎಂದಲ್ಲ. ಯಂತ್ರಕ್ಕೆ ಅದರ ಪರಿಚಯ ಮಾಡಿಸಿಲ್ಲ, ಅಷ್ಟೆ. 2018ರ ಹೊಸ 10ರ ನೋಟು, 2019ರ ಹೊಸ 20ರ ನೋಟಿಗೂ ಇದೇ ಮಾತು. ಚಿಲ್ಲರೆ ಕೊಳವೆ ಖಾಲಿಯಾಗಿದ್ದರೆ ಅದನ್ನು ಮೊದಲೇ ಗಿರಾಕಿಗೆ ತಿಳಿಸಬೇಕೇ ಹೊರತು ದುಡ್ಡು ನುಂಗಿದ ಮೇಲಲ್ಲ.

ಮೊಬೈಲಿನಲ್ಲಿ ಕೊಟ್ಟವರು ಒಂದು ವಿಷಯ ತಿಳಿದಿರಬೇಕು. ಖಾತೆಯಿಂದ ದುಡ್ಡು ಹೋಗಿ, ಅಂಗಡಿಯ ಕಡೆಗೆ ಸಂದಾಯದ ಖಾತ್ರಿ ಬಾರದೇ ಹೋದರೆ, ಅದು ತಾನಾಗಿಯೇ ಐದು ದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆ ಹೇಳುತ್ತದೆ. ಆದರೆ ದುಡ್ಡು ಯಜಮಾನನ ಖಾತೆಗೆ ಸೇರಿ ಪೊಟ್ಟಣ ಮಾತ್ರ ಸಿಕ್ಕಿಕೊಂಡಿದ್ದರೆ ಬ್ಯಾಂಕಿನ ಮೇಲೆ ಸಿಟ್ಟಾಗಿ ಫಲವಿಲ್ಲ. ಅದನ್ನು ಕೊಡಬೇಕಾದವನು ಯಜಮಾನ. ವ್ಯವಹಾರದ ನಂಬರು, ಯಂತ್ರದ ಒಂದು ಫೋಟೋ ಇಟ್ಟುಕೊಂಡರೆ ಕೇಳಲು ಆಧಾರವಾಗುತ್ತದೆ. ಕೇಳಿದರೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ.

ಸಿಟ್ಟು ಬಂತೆಂದು ಯಂತ್ರವನ್ನು ಹಿಡಿದು ಅಲುಗಾಡಿಸುವವರಿಗೂ ಒಂದು ಮಾತು. ಅಮೆರಿಕದಲ್ಲಿ 1978ರಿಂದ 1995ರ ನಡುವೆ ತಂಪು ಪಾನೀಯದ ಯಂತ್ರಗಳು ಮೈಮೇಲೆ ಉರುಳಿ ಕನಿಷ್ಠ 37 ಮಂದಿ ಸತ್ತರು. ಆಮೇಲೆಯೇ ಅಲ್ಲಿ ‘ಅಲುಗಾಡಿಸಬೇಡಿ’ ಎಂಬ ಎಚ್ಚರಿಕೆ ಚೀಟಿ ಅಂಟಿಸುವ ಅಭಿಯಾನ ನಡೆಯಿತು. ತಿಂಡಿ ಯಂತ್ರವೂ ಹಗುರವಲ್ಲ. ಒಂದು ಪೊಟ್ಟಣ ಚಿಪ್ಸಿಗೆ ಪ್ರಾಣ ಒತ್ತೆ ಇಡಬೇಕೆ? ಯಂತ್ರವನ್ನು ಗೋಡೆಗೆ ಬಿಗಿದು ನಿಲ್ಲಿಸಬೇಕಾದ ಹೊಣೆ ಇಟ್ಟವರದ್ದು.

ಇಷ್ಟಕ್ಕೆಲ್ಲ ಮದ್ದು ದುಬಾರಿಯದಲ್ಲ. ನಿಲ್ದಾಣದಲ್ಲಿ ಜಾಗ ಬಾಡಿಗೆಗೆ ಕೊಡುವ ಅಧಿಕಾರಿಗಳು ಕರಾರಿನಲ್ಲೇ ನಾಲ್ಕು ಸಾಲು ಸೇರಿಸಲಿ: ಯಂತ್ರದ ಮೇಲೆ ಯಜಮಾನನ ಹೆಸರು, ಫೋನ್ ನಂಬರು, ಯಂತ್ರದ ನಂಬರು ದಪ್ಪ ಕನ್ನಡ ಅಕ್ಷರದಲ್ಲಿರಬೇಕು. ಬೀಳದ ಮಾಲಿನ ದುಡ್ಡು ಮರುದಿನದೊಳಗೆ ವಾಪಸಾಗಬೇಕು. ಪೊಟ್ಟಣ ನೋಡುವ ಕಣ್ಣನ್ನು ಮುಚ್ಚಿಡಕೂಡದು. ಮಾಲು ತುಂಬಿದ ಮೇಲೆ ಪ್ರತಿ ಸಾಲನ್ನೂ ಒಮ್ಮೆ ತಿರುಗಿಸಿ ನೋಡಿಯೇ ಬೀಗ ಹಾಕಬೇಕು.

ಅಂಗಡಿ ಸಾಹುಕಾರರಿಗೂ ಇದು ನಷ್ಟದ ಬಾಬತ್ತಲ್ಲ. ಐದು ರೂಪಾಯಿ ಚಿಲ್ಲರೆ ಮರೆತು ಹೋದ ಗಿರಾಕಿಯನ್ನು ಕೂಗಿ ಕರೆದು ಕೊಡುವ ವ್ಯಾಪಾರಿಗಳು ಈ ಪೇಟೆಯಲ್ಲಿ ಇನ್ನೂ ಇದ್ದಾರೆ. ಅವರ ಅಂಗಡಿ ನಡೆಯುತ್ತಿರುವುದೇ ಆ ನಂಬಿಕೆಯ ಮೇಲೆ. ಯಂತ್ರಕ್ಕೆ ಕೂಗಿ ಕರೆಯುವ ಬಾಯಿಲ್ಲ. ಆ ಬಾಯಿ ಯಜಮಾನನದ್ದಾಗಬೇಕು.