ಬಿದ್ದರೆ ಬೀಳಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಯಲ್ಲಿ ಕಣ್ಣು ಕಾಣದ ಮಗು ಹುಟ್ಟಿದರೆ ಪ್ರೀತಿಗೇನೂ ಕೊರತೆಯಾಗುವುದಿಲ್ಲ. ಅಜ್ಜಿಯ ತೊಡೆ, ಆಯಿಯ ಸೊಂಟ, ಚಿಕ್ಕಪ್ಪನ ಹೆಗಲು ಎಂದು ನೆಲ ಮುಟ್ಟದೆ ಬೆಳೆಯುತ್ತದೆ. ಕೊರತೆಯಾಗುವುದು ಕೆಲಸಕ್ಕೆ. ಓರಗೆಯ ಮಕ್ಕಳು ಕರುವಿಗೆ ಹುಲ್ಲು ಹಾಕುತ್ತವೆ, ಊಟಕ್ಕೆ ಬಾಳೆಲೆ ಹಾಸುತ್ತವೆ, ಏನಾದರೂ ಒಡೆದು ಬೈಸಿಕೊಳ್ಳುತ್ತವೆ. ಈ ಮಗುವಿಗೆ ಬೈಗುಳವೂ ಇಲ್ಲ. "ಪಾಪ, ಅದಕ್ಕೆಂತಕ್ಕೆ ಕೆಲಸ" ಎಂದು ಯಾರೋ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇಂಥ ಮಗುವನ್ನು ಎಷ್ಟು ಕಾಯಬೇಕು, ಎಲ್ಲಿ ಬಿಡಬೇಕು? ನನ್ನ ಉತ್ತರ ಸ್ವಲ್ಪ ಕಠೋರ: ನಾವು ಬಿಡುವುದು ತೀರಾ ತಡ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹಸುಳೆಯ ಕಣ್ಣಪಾಪೆಯಲ್ಲಿ ಬಿಳಿ ಕಂಡರೆ ಅದು ಹುಟ್ಟಿನಿಂದ ಬಂದ ಪೊರೆಯಿರಬಹುದು. ಮೊದಲ ಕೆಲವು ತಿಂಗಳಲ್ಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ, ಆಮೇಲೆ ಪೊರೆ ತೆಗೆದರೂ ಮೆದುಳು ನೋಡುವುದನ್ನು ಸರಿಯಾಗಿ ಕಲಿಯುವುದಿಲ್ಲ. ಹರಕೆ ಹೊರುವವರು ಕಣ್ಣಾಸ್ಪತ್ರೆಗೆ ಹೋಗುವ ಹುಬ್ಬಳ್ಳಿ ಬಸ್ಸಿನಲ್ಲಿ ಕೂತೇ ಹೊರಲಿ.

ಚಿಕಿತ್ಸೆಗೆ ದಕ್ಕದ ಕಣ್ಣಿನ ಮಾತು ಬೇರೆ. ಅಮೆರಿಕದ ಮಕ್ಕಳ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಹುಟ್ಟಿನಿಂದಲೇ ಕಾಣದ ಶಿಶುಗಳನ್ನು ವರ್ಷಗಟ್ಟಲೆ ಗಮನಿಸಿ 1977ರಲ್ಲಿ ಪುಸ್ತಕ ಬರೆದರು. ಕಾಣುವ ಶಿಶು ಐದಾರು ತಿಂಗಳಿಗೆ ಆಟಿಕೆಗೆ ಕೈ ಚಾಚುತ್ತದೆ. ಕಾಣದ ಶಿಶು ಸದ್ದು ಕೇಳಿ ಕೈ ಚಾಚುವುದು ಮೊದಲ ವರ್ಷ ಮುಗಿಯುತ್ತ ಬಂದಾಗ. ಅಂಬೆಗಾಲೂ ಅದರಿಂದಲೇ ತಡ. ಕಾಲಿಗೆ ಬಲವಿಲ್ಲವೆಂದಲ್ಲ, ಆಚೆ ಏನೋ ಇದೆ, ಹೋದರೆ ಸಿಗುತ್ತದೆ ಎಂಬುದೇ ಅದಕ್ಕಿನ್ನೂ ಗೊತ್ತಿರುವುದಿಲ್ಲ. ಎಲ್ಲವನ್ನೂ ಕೈಗೆ ತಂದುಕೊಡುವ ಮನೆ ಅದನ್ನು ಗೊತ್ತಾಗಲೂ ಬಿಡುವುದಿಲ್ಲ.

"ನಮ್ಮ ಜಾಗ ನೋಡಿ ಮಾತಾಡಿ" ಎಂದು ಹೆತ್ತವರು ಹೇಳಿದರೆ ತಳ್ಳಿಹಾಕುವಂತಿಲ್ಲ. ಅಂಗಳ ದಾಟಿದರೆ ಬಾವಿ, ಹಳ್ಳಕ್ಕೆ ಅಡಿಕೆಮರದ ಕಾಲುಸಂಕ, ಸುಗ್ಗಿಯಲ್ಲಿ ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ. ಪಾಚಿ ಹಿಡಿದ ಅಂಗಳದಲ್ಲಿ ಕಣ್ಣಿದ್ದವರೇ ಜಾರುತ್ತಾರೆ. ಆದರೆ ಎಲ್ಲ ಅಪಾಯವೂ ಒಂದೇ ತೂಕದ್ದಲ್ಲ. ಬಾವಿಗೆ ಕಟ್ಟೆ ಬೇಕೇಬೇಕು, ಸಂಕಕ್ಕೆ ಹಿಡಿದುಕೊಳ್ಳಲು ಗಳ ಬೇಕು; ಅಂಗಳದಲ್ಲಿ ಮೊಣಕಾಲು ತರಚಿದರೆ ತರಚಲಿ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಬ್ರಿಟನ್ನಿನ ಪ್ರಾಧ್ಯಾಪಕ ಜಾನ್ ಹಲ್, ಮಳೆ ಬಿದ್ದಾಗ ಒಂದೊಂದು ವಸ್ತುವೂ ಒಂದೊಂದು ಸದ್ದು ಮಾಡಿ ಸುತ್ತಲಿನ ಆಕಾರವೆಲ್ಲ ತಮಗೆ ತಿಳಿಯುತ್ತದೆಂದು 1990ರಲ್ಲಿ ಬಂದ ಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮ ಆಷಾಢದ ಮಳೆ ಅಷ್ಟು ಸೌಮ್ಯವಲ್ಲ, ಹೊಡೆಯತೊಡಗಿದರೆ ಉಳಿದ ಸದ್ದನ್ನೆಲ್ಲ ನುಂಗುತ್ತದೆ. ಆದರೂ ಹದಮಳೆಯಲ್ಲಿ ಹೆಂಚು, ತಗಡು, ಸೋಗೆ, ಕೆಸುವಿನೆಲೆ ಬೇರೆ ಬೇರೆಯಾಗಿಯೇ ಕೇಳುತ್ತವೆ. ಯಾವ ಸದ್ದು ಯಾವುದರದೆಂದು ಗೊತ್ತಾಗಬೇಕಾದರೆ ಮಗು ಅವನ್ನೆಲ್ಲ ಮೊದಲು ಮುಟ್ಟಿರಬೇಕಲ್ಲ! ಕೆಲಸಕ್ಕೂ ಬರವಿಲ್ಲ: ಕಾಳುಮೆಣಸು ಬಿಡಿಸುವುದಕ್ಕೆ, ಹಲಸಿನ ಬೀಜದ ಸಿಪ್ಪೆ ತೆಗೆಯುವುದಕ್ಕೆ ಬೆರಳು ಸಾಕು.

ಹೊಗಳಿಕೆಯಲ್ಲೂ ಕಟ್ಟಿಹಾಕುವುದುಂಟು. ಕಣ್ಣು ಕಾಣದ ಸಂಗೀತಗಾರರಾದ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಹುಟ್ಟಿದ್ದು ಶಿರಸಿಗೆ ಅಂಟಿಕೊಂಡಿರುವ ಹಾನಗಲ್ ಸೀಮೆಯಲ್ಲೇ. ಅವರು ನಡೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ, ಮರ್ಯಾದೆ ಮೂರನ್ನೂ ಕೊಟ್ಟಿತು. ಆ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಮಗುವಿಗೆ ಕಾಣುವುದಿಲ್ಲವೆಂದ ಕೂಡಲೇ ಹಾರ್ಮೋನಿಯಂ ತರಬೇಕಾಗಿಲ್ಲ. ಕಣ್ಣು ಕಿತ್ತುಕೊಂಡ ದೇವರು ಕಂಠ ಕೊಟ್ಟೇ ಕೊಡುತ್ತಾನೆಂಬ ಲೆಕ್ಕ ಸುಳ್ಳು. ಶ್ರುತಿ ಸೇರದ ಮಕ್ಕಳು ಇವರಲ್ಲೂ ಇರುತ್ತಾರೆ, ಗಣಿತಕ್ಕೆ ಮನಸೋಲುವವರೂ ಇರುತ್ತಾರೆ.

ಶಾಲೆಯ ವಿಷಯದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿದೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. ಸಿದ್ದಾಪುರದಲ್ಲೇ ಮುರುಘರಾಜೇಂದ್ರ ಅಂಧರ ಶಾಲೆಯಿದೆ. ಒಂಟಿಮನೆಯ ಮಗುವಿಗೆ ಅಂಥ ಕಡೆ ಜಗಳವಾಡಲು ಸರಿಸಮಾನರು ಸಿಗುತ್ತಾರೆ. ನನಗೆ ಅದೇ ದೊಡ್ಡ ಲಾಭವಾಗಿ ಕಾಣುತ್ತದೆ. "ಮೊಬೈಲೇ ಓದಿ ಹೇಳುತ್ತದಲ್ಲ, ಬ್ರೈಲ್ ಯಾಕೆ?" ಎನ್ನುವವರಿದ್ದಾರೆ. ಕೇಳಿದರೆ ಕಥೆ ಬರುತ್ತದೆ, ಕಾಗುಣಿತ ಬರುವುದಿಲ್ಲ. ಆರೇ ಚುಕ್ಕಿಗಳ ಲಿಪಿ, ಒತ್ತಕ್ಷರವೂ ಕೆಳಗಿಳಿಯದೆ ಸಾಲಿನಲ್ಲೇ ಬರುತ್ತದೆ. ಆಯಿಯೋ ಅಪ್ಪನೋ ಕಣ್ಣಿನಿಂದ ನೋಡಿಯೇ ಕಲಿಯಬಹುದು. ಕಲಿಯದಿದ್ದರೆ ರಜೆಗೆ ಬಂದ ಮಗು ಬರೆದದ್ದನ್ನು ಮನೆಯಲ್ಲಿ ಓದುವವರೇ ಇರುವುದಿಲ್ಲ.

ಕೆಲಸ ಹೇಳದೆ ಬೆಳೆಸಿದ್ದರ ಪರಿಣಾಮ ಪೂರ್ತಿ ಕಾಣುವುದು ಆಸ್ತಿ ಹಿಸೆಯ ಹೊತ್ತಿಗೆ. ತಾಳಮದ್ದಳೆ ಕೇಳಿ ಬೆಳೆದ ಸೀಮೆಗೆ ಧೃತರಾಷ್ಟ್ರನಿಗೆ ಪಟ್ಟ ತಪ್ಪಿದ ಕಾರಣ ಹೇಳಬೇಕಾಗಿಲ್ಲ. ಹಳೆಯ ಧರ್ಮಶಾಸ್ತ್ರವೂ ಹುಟ್ಟುಗುರುಡನಿಗೆ ಪಾಲು ತಪ್ಪಿಸಿ ಅನ್ನಬಟ್ಟೆ ಮಾತ್ರ ಕೊಡಿಸಿತ್ತು. 1928ರ ಕಾಯ್ದೆ ಆ ಅಡ್ಡಿ ತೆಗೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಆದರೂ "ಅಣ್ಣ ನೋಡಿಕೊಳ್ಳುತ್ತಾನೆ" ಎಂಬ ಮಾತಿನೊಳಗೆ ಕಣ್ಣು ಕಾಣದ ತಮ್ಮನ ಪಾಲು ಅಣ್ಣನ ಪಹಣಿಗೆ ಸೇರಿಹೋಗುವುದುಂಟು. ಹೆಣ್ಣಾದರೆ ಪಾಲಿನ ಮಾತೇ ಏಳುವುದಿಲ್ಲ. ಕೇಡು ಬಗೆದು ಹೀಗೆ ಮಾಡುವವರು ಕಡಿಮೆ. ಇಪ್ಪತ್ತು ವರ್ಷ ಒಂದು ಕೆಲಸವನ್ನೂ ಹೇಳದ ಮನೆಗೆ ಆ ತಮ್ಮ ತೋಟ ಮಾಡಿಸಬಲ್ಲನೆಂದು ಹೊಳೆಯುವುದೇ ಇಲ್ಲ, ಅಷ್ಟೇ. ಅಡಿಕೆ ಕೊಯ್ಯುವ ಕೊನೆಗೌಡನ ಹತ್ತಿರ ಕೂಲಿ ಮಾತಾಡಲು, ಸೊಸೈಟಿಯಲ್ಲಿ ಅಡಿಕೆಯ ದರ ವಿಚಾರಿಸಲು ಕಣ್ಣು ಬೇಕಿಲ್ಲ. ದುಡ್ಡೂ ಅಣ್ಣನ ಖಾತೆಗೇ ಹೋಗಬೇಕಾಗಿಲ್ಲ: ದೃಷ್ಟಿಯಿಲ್ಲದ ಗ್ರಾಹಕರಿಗೆ ಚೆಕ್‌ಬುಕ್, ಎಟಿಎಂ ಸೌಲಭ್ಯ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ.